ಬಾನೆಟ್ ಪಂಡಿತರು

ಕಳಸದಲ್ಲಿ ಜೀಪಿನ ಬಾನೆಟ್ಟನ್ನು ಒಬ್ಬರೇ ಎತ್ತಲಾಗುವುದಿಲ್ಲ. ಭಾರ ಅಂತಲ್ಲ; ಕೊಕ್ಕೆ ಬಿಚ್ಚಿದ ಸದ್ದಿಗೇ ಪಕ್ಕದಲ್ಲಿ ಇನ್ನೊಂದು ತಲೆ ಬಗ್ಗಿರುತ್ತದೆ. ಅದು ನಮ್ಮ ಬಾನೆಟ್ ಪಂಡಿತರ ತಲೆ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಬಾಯಲ್ಲಿ ಕವಳ. ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ.

ನನ್ನದು ಹಳೇ ಎಂಎಂ 540, ಪೂಜೋ ಡೀಸೆಲ್ ಎಂಜಿನ್. ಗೊಬ್ಬರ, ಕಾಫಿ ಮೂಟೆ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಗಾಡಿ. ಮೊನ್ನೆ ಭಾನುವಾರ ಅತ್ತೆಯವರನ್ನು ಕೂರಿಸಿಕೊಂಡು ಹೊರನಾಡಿಗೆ ಹೊರಟೆ. ಏಳೆಂಟು ಕಿಲೋಮೀಟರ್ ದಾರಿ. ಭದ್ರೆ ಉಕ್ಕಿದರೆ ಮುಳುಗುವ ಹೆಬ್ಬಾಳೆ ಸೇತುವೆ ದಾಟಿ ಏರು ಹತ್ತುತ್ತಿದ್ದಂತೆ ಜೀಪಿನ ಎಳೆತ ಬಿತ್ತು. ಎರಡು ಸಲ ಕೆಮ್ಮಿ ನಿಂತಿತು. ಅಲ್ಲೇ ಬಸ್ಸಿಗೆ ಕಾಯುತ್ತಿದ್ದವರು ಯಾರು? ಪಂಡಿತರು.

"ಎಂತ ಮಾರಾಯ್ರೇ, ನಿಂತೋಯ್ತಾ?"

ನಿಂತದ್ದು ಕಣ್ಣೆದುರೇ ಇದೆ. ಆದರೂ ಕೇಳಬೇಕು, ಅದು ನಾಡಿ ಹಿಡಿಯುವ ಕ್ರಮ. ಬಾನೆಟ್ ಪೂರ್ತಿ ಏಳುವ ಮೊದಲೇ ರೋಗ ಹೇಳಿದರು: "ಏರ್ ತಗೊಂಡಿದೆ." ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಅಂತ ಮೂರಿದ್ದರೆ ಇವರ ಶಾಸ್ತ್ರದಲ್ಲಿ ವಾತ ಒಂದೇ.

ಶಾಸ್ತ್ರ ಸುಳ್ಳೂ ಅಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿ ಕಾಯಿಸಿದ ಗಾಳಿಗೆ ನಾಜಲ್ ಡೀಸೆಲ್ ಚಿಮ್ಮಿದರೆ ಹತ್ತಿಕೊಳ್ಳುತ್ತದೆ. ಪೈಪಿನೊಳಗೆ ಗುಳ್ಳೆ ಸೇರಿತೋ, ಪಂಪಿನ ಒತ್ತಡವೆಲ್ಲ ಅದನ್ನು ಅಮುಕುವುದಕ್ಕೇ ಖರ್ಚು. ನಾಜಲ್ ಬಾಯಿ ತೆರೆಯುವುದಿಲ್ಲ, ಪಂಡಿತರು ಮುಚ್ಚುವುದಿಲ್ಲ.

ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಂಡಿ ಒತ್ತತೊಡಗಿದೆ. ಹಾಲು ಕರೆದಂತೆ ನೊರೆ ಬಂತು. "ಹೊಡೀರಿ, ಇನ್ನೂ ಹೊಡೀರಿ" ಎಂದು ಪಂಡಿತರು ಎಣಿಸಿದರು. ಕೈ ಕಪ್ಪಾದದ್ದು ನನ್ನದು. ಉಪದೇಶಕ್ಕೆ ಗ್ರೀಸ್ ಅಂಟುವುದಿಲ್ಲ. ಸ್ಟಾರ್ಟ್ ಆಯಿತು. ಒಂದು ತಿರುವು ದಾಟಿ ಮತ್ತೆ ನಿಂತಿತು. ಪಂಡಿತರು ನಡೆದೇ ಬಂದು ಸೇರಿಕೊಂಡರು.

"ಪೈಪ್ ಗಾಳಿ ಎಳೀತಿದೆ. ಟ್ಯಾಂಕಿನ ಕಡೆ ಲೂಸ್ ಇದ್ರೆ ಡೀಸೆಲ್ ಸೋರೂದಿಲ್ಲ, ಗಾಳಿ ಮಾತ್ರ ಕಳ್ಳನ ಹಾಗೆ ಒಳಗೆ ಹೋಗ್ತದೆ." ಇದೂ ನಿಜವೇ. ತಾಮ್ರದ ವಾಷರ್ ಇದ್ದ ಕಡೆಯೆಲ್ಲ ಬಿಗಿ ಮಾಡಿದೆ. "ಮೈಕೋ ಪಂಪ್ ಮಾತ್ರ ಮುಟ್ಬೇಡಿ, ಅದು ಗರ್ಭಗುಡಿ" ಎಂದು ಎಚ್ಚರಿಸಿದರು. ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ. ಪಂಡಿತರಿಗೆ ಆ ನಾಮಕರಣದ ಕರೆಯೋಲೆ ಇನ್ನೂ ತಲುಪಿಲ್ಲ.

ಮತ್ತೆ ಸ್ಟಾರ್ಟ್, ಮತ್ತೆ ಕೆಮ್ಮು. ಆಗ ಒಳಗಿಂದ ಅತ್ತೆಯವರ ದನಿ: "ಅಳಿಯಂದ್ರೇ, ಡೀಸೆಲ್ ಇದ್ಯಾ ಅಂತ ನೋಡಿದ್ರಾ?"

ಅವರ ಸಮಾಧಾನಕ್ಕೆಂದು ಟ್ಯಾಂಕಿನ ಬಾಯಿಗೆ ಕಟ್ಟಿದ್ದ ಟ್ಯೂಬಿನ ರಬ್ಬರ್ ಬಿಚ್ಚಿ, ಪ್ಲಾಸ್ಟಿಕ್ ತೆಗೆದು, ಮುಚ್ಚಳ ತಿರುಗಿಸಿದೆ. 'ಉಸ್ಸ್' ಎಂದು ಟ್ಯಾಂಕು ದೀರ್ಘವಾಗಿ ಉಸಿರೆಳೆದುಕೊಂಡಿತು. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುವುದೇ ಅದಕ್ಕೆ. ಅದರ ಮೂಗು ಕಟ್ಟಿತ್ತು. ಪಂಪು ಈಚೆ ಎಳೆದರೆ ಟ್ಯಾಂಕು ಆಚೆ ಎಳೆಯುತ್ತಿತ್ತು.

ಆ ಪ್ಲಾಸ್ಟಿಕ್ ಕಟ್ಟಿಸಿದ್ದು ಯಾರು? ಎರಡು ದಿನದ ಹಿಂದೆ ಕಳಸದ ಬಸ್‌ಸ್ಟ್ಯಾಂಡಿನಲ್ಲಿ, ಬಾನೆಟ್ ಮುಚ್ಚಿಯೇ ಇದ್ದಾಗ, "ಮಳೆ ನೀರು ಟ್ಯಾಂಕಿಗೆ ಇಳೀತದೆ, ಬಿಗಿಯಾಗಿ ಕಟ್ಟಿ" ಎಂದು ಪಕ್ಕದಲ್ಲೇ ನಿಂತು ಕಟ್ಟಿಸಿದ್ದು ಇದೇ ಪಂಡಿತರು. ತಿರುಗಿ ಅವರ ಮುಖ ನೋಡಿದೆ.

ಪಂಡಿತರು ಸಾವಕಾಶ ಕವಳ ಉಗಿದರು. "ನಾ ಹೇಳ್ಲಿಲ್ವಾ, ಗಾಳಿ ಅಂತ? ಜಾಸ್ತಿ ಅಂದ್ನಾ, ಕಮ್ಮಿ ಅಂದ್ನಾ? ಗಾಳಿ ಅಂದೆ, ಅಷ್ಟೇ."

ಅಷ್ಟರಲ್ಲಿ ಹಿಂದಿನ ಸೀಟು ಹತ್ತಿ ಕೂತೂ ಆಗಿತ್ತು. "ಹೊರಡಿ ಹೊರಡಿ, ಹೊರನಾಡಲ್ಲಿ ಊಟದ ಪಂಕ್ತಿ ಎದ್ದುಬಿಡ್ತದೆ."

ಕನ್ನಡಿಯಲ್ಲಿ ನೋಡಿದೆ. ಆ ಪ್ಲಾಸ್ಟಿಕ್ಕನ್ನು ಚೊಕ್ಕಟವಾಗಿ ಮಡಿಸಿ ಜೇಬಿಗಿಳಿಸುತ್ತಿದ್ದರು. "ಮಳೆಗಾಲ ಅಲ್ವಾ," ಅಂದರು, "ಯಾರಿಗಾದ್ರೂ ಬೇಕಾಗ್ತದೆ."