ಊರಿನ ಬ್ರೌಸರ್ ನಿಮ್ಮ ಕೈಯಲ್ಲಿದೆ

ತಾಲ್ಲೂಕು ಕಚೇರಿಯ ಎದುರು, ಬಸ್ ನಿಲ್ದಾಣದ ಪಕ್ಕ, ಕಾಲೇಜು ಗೇಟಿನ ಮುಂದೆ ಸೈಬರ್ ಸೆಂಟರ್ ನಡೆಸುವ ಅಣ್ಣಂದಿರೇ, ಅಕ್ಕಂದಿರೇ,

ಪಹಣಿ ಬೇಕಾದ ರೈತ, ಸಿಇಟಿ ಅರ್ಜಿ ತುಂಬಬೇಕಾದ ಹುಡುಗಿ, ಪಿಂಚಣಿ ಯಾಕೆ ನಿಂತಿತೆಂದು ತಿಳಿಯಬೇಕಾದ ಅಜ್ಜಿ, ವಿದ್ಯಾರ್ಥಿವೇತನದ ಒಟಿಪಿಗೆ ಕಾಯುವ ಹುಡುಗ, ಎಲ್ಲರೂ ನಿಮ್ಮ ಅಂಗಡಿಗೇ ಬರುತ್ತಾರೆ. ಸರ್ಕಾರ ತನ್ನ ಸೇವೆಗಳನ್ನು ಒಂದೊಂದಾಗಿ ಆನ್‌ಲೈನ್ ಮಾಡುತ್ತ ಹೋಯಿತು. ಅವನ್ನು ಊರಿನವರಿಗೆ ತಲುಪಿಸುವ ಕೆಲಸ ನಿಮ್ಮ ಪಾಲಿಗೆ ಬಂತು. ಸರ್ವರ್ ಡೌನ್ ಆದ ದಿನ ಬೈಗುಳ ಕೇಳುವವರೂ ನೀವೇ. ಆ ಕೆಲಸದ ಮೇಲಿನ ಗೌರವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ನಿಮ್ಮ ಕಂಪ್ಯೂಟರಿನಲ್ಲಿ ಯಾವ ಬ್ರೌಸರ್ ಇರಬೇಕು, ಅದಕ್ಕೆ ಯಾವ ಎಕ್ಸ್‌ಟೆನ್ಷನ್ ಹಾಕಬೇಕು ಎಂಬುದನ್ನು ಕೂತು ಯೋಚಿಸಿ ತೀರ್ಮಾನಿಸಿ. ಮನೆಯಲ್ಲಿ ಒಬ್ಬ ಸಿಕ್ಕಿದ್ದನ್ನೆಲ್ಲ ಹಾಕಿಕೊಂಡರೆ ನಷ್ಟ ಅವನದು, ಅವನ ಮನೆಯವರದು. ನಿಮ್ಮ ಅಂಗಡಿಯ ಒಂದೇ ಬ್ರೌಸರ್ ಮೂಲಕ ಇಡೀ ಹೋಬಳಿಯ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಹಾದುಹೋಗುತ್ತವೆ. ಹಾಗಾಗಿ ನಿಮ್ಮ ಆಯ್ಕೆಯನ್ನು ಎರಡು ಪ್ರಶ್ನೆಗಳಿಂದ ಅಳೆಯಿರಿ. ಒಬ್ಬ ಗ್ರಾಹಕ ಎದ್ದುಹೋದ ಮೇಲೆ ಅವನ ಮಾಹಿತಿ ಮುಂದಿನವನ ಕಣ್ಣಿಗೆ ಬೀಳುತ್ತದೆಯೇ? ಕೆಲಸ ನಡೆಯುತ್ತಿರುವಾಗ ಮೂರನೆಯವನೊಬ್ಬ ಅದನ್ನು ಓದುತ್ತಿದ್ದಾನೆಯೇ? ಎರಡಕ್ಕೂ ಇಲ್ಲ ಎನ್ನುವಂತಾದರೆ ಆ ಬ್ರೌಸರ್ ಅಂಗಡಿಗೆ ತಕ್ಕದ್ದು.

ಮೊದಲು ಬ್ರೌಸರ್ ವಿಷಯ. ಹೆಸರುಗಳು ಹಲವಾದರೂ ಇವತ್ತು ಹೆಚ್ಚು ಬಳಕೆಯಲ್ಲಿರುವ ಮೂಲ ಎಂಜಿನ್‌ಗಳು ಮೂರೇ. ಗೂಗಲ್ 2008ರಲ್ಲಿ ತಂದ ಕ್ರೋಮ್‌ನ ತಳಹದಿ ಕ್ರೋಮಿಯಂ. 2020ರಲ್ಲಿ ಹೊಸರೂಪ ಪಡೆದ ಮೈಕ್ರೋಸಾಫ್ಟ್‌ನ ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ನಮ್ಮ ದೇಶದ ಜೋಹೋ ಕಂಪನಿಯ ಉಲಾ, 2010ರಲ್ಲಿ ಬೆಂಗಳೂರಿನಿಂದ ಹೊರಬಂದ ಎಪಿಕ್, ಇವೆಲ್ಲ ಈಗ ನಿಂತಿರುವುದು ಅದರ ಮೇಲೆಯೇ. ಆ್ಯಪಲ್‌ನ ಸಫಾರಿಯ ಎಂಜಿನ್ ಬೇರೆ. ಮೊಜಿಲ್ಲಾದ ಫೈರ್‌ಫಾಕ್ಸ್‌ನ ಎಂಜಿನ್ ಇನ್ನೊಂದು.

ಎಲ್ಲವೂ ಒಂದೇ ಎಂಜಿನ್ ಮೇಲೆ ಓಡಿದರೆ ಏನು ತೊಂದರೆ ಎಂಬುದನ್ನು ನಿಮಗೆ ವಿವರಿಸಬೇಕಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ಎಷ್ಟೋ ಕಚೇರಿಗಳ ತಾಣಗಳು ಅದೊಂದರಲ್ಲೇ ತೆರೆಯುತ್ತಿದ್ದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಆ ಹಳೆಯ ತಾಣಗಳಿಗಾಗಿ ಎಡ್ಜ್‌ನೊಳಗೆ ಪ್ರತ್ಯೇಕ ವ್ಯವಸ್ಥೆಯನ್ನೇ ಇಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳನ್ನು ಮೊದಲೇ ತುಂಬಿ ಕೊಡುವಂತೆ ಮಾಡಿದ್ದು ಆರೋಪಗಳಲ್ಲಿ ಒಂದು. ಕ್ರೋಮ್ ಕೂಡ ಆ ಪಟ್ಟಿಯಲ್ಲಿತ್ತು. ಫೋನಿನಲ್ಲಿ ಮೊದಲೇ ಇದ್ದ ಬ್ರೌಸರನ್ನೇ ಹೆಚ್ಚಿನವರು ಕೊನೆಯವರೆಗೂ ಬಳಸುತ್ತಾರೆ. ನೀವಾದರೂ ಆರಿಸಿ ಬಳಸಿ.

ನನ್ನ ಸಲಹೆ ಇದು: ದಿನದ ಕೆಲಸಕ್ಕೆ ಫೈರ್‌ಫಾಕ್ಸ್, ಅದರಲ್ಲಿ ತೆರೆಯದ ತಾಣಗಳಿಗೆ ಎಡ್ಜ್ ಅಥವಾ ಕ್ರೋಮ್. ಫೈರ್‌ಫಾಕ್ಸ್ ಯಾಕೆ ಎಂಬುದಕ್ಕೆ ಮುಖ್ಯ ಕಾರಣ ಎಕ್ಸ್‌ಟೆನ್ಷನ್‌ಗಳು. ಅದನ್ನು ಮುಂದೆ ಹೇಳುತ್ತೇನೆ. ಅದರ ಮೆನು, ಸೆಟ್ಟಿಂಗ್ ಎಲ್ಲವೂ ಕನ್ನಡದಲ್ಲಿ ಸಿಗುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಕಲಿಸಲು ಅನುಕೂಲ.

ಬ್ರೌಸರ್ ಯಾವುದೇ ಇರಲಿ, ಅದು ಅಪ್‌ಡೇಟ್ ಆಗುತ್ತಿರಬೇಕು. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ ಅದರಲ್ಲಿ ಓಡುವ ಕೊನೆಯ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿ. ಆಮೇಲೆ ಪತ್ತೆಯಾದ ಯಾವ ಬಿರುಕಿಗೂ ಅಲ್ಲಿ ತೇಪೆ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲ ಕಂಪ್ಯೂಟರ್ ಒಟ್ಟಿಗೆ ಬದಲಿಸಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಬೆರಳಚ್ಚು ಯಂತ್ರ, ಬ್ಯಾಂಕಿನ ಕೆಲಸ ಇರುವ ಒಂದನ್ನಾದರೂ ಹೊಸದಾಗಿ ಇಡಿ. ಬರೀ ಅರ್ಜಿ ತುಂಬಲು ಬಳಸುವ ಹಳೆಯ ಪೆಟ್ಟಿಗೆಗೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿ, ಇವತ್ತಿನ ಫೈರ್‌ಫಾಕ್ಸನ್ನೇ ಓಡಿಸಬಹುದು.

ಈಗ ಎಕ್ಸ್‌ಟೆನ್ಷನ್. ಹಲವು ಎಕ್ಸ್‌ಟೆನ್ಷನ್‌ಗಳನ್ನು ಹಾಕುವಾಗ ಬ್ರೌಸರ್ ಒಂದು ಅನುಮತಿ ಕೇಳುತ್ತದೆ: ನೀವು ತೆರೆಯುವ ಎಲ್ಲ ತಾಣಗಳ ಮಾಹಿತಿಯನ್ನು ಇದು ಓದಬಲ್ಲದು, ಬದಲಿಸಬಲ್ಲದು, ಒಪ್ಪಿಗೆಯೇ ಎಂದು. ನಾವು ಓದದೆ ಒಪ್ಪಿಬಿಡುತ್ತೇವೆ. ಆ ಒಪ್ಪಿಗೆ ಅಂಗಡಿಯ ಬೀಗದ ಕೈಯನ್ನು ಗುರುತಿಲ್ಲದವನಿಗೆ ಕೊಟ್ಟ ಹಾಗೆ. ಅರ್ಜಿಯಲ್ಲಿ ನೀವು ಟೈಪ್ ಮಾಡಿದ ಆಧಾರ್ ಸಂಖ್ಯೆ, ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಎಲ್ಲವನ್ನೂ ನೋಡುವ ಶಕ್ತಿ ಅದಕ್ಕೆ ಬರುತ್ತದೆ. ಮಾಡಿದವನು ಒಳ್ಳೆಯವನಾದರೆ ನೋಡುವುದಿಲ್ಲ, ಅಷ್ಟೆ.

ಮಾಡಿದವನು ಒಳ್ಳೆಯವನಾಗಿದ್ದರೂ ಸಾಲದು. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ ಇತ್ತು. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರಿನ ಭಾರ ಇಳಿಸುತ್ತಿತ್ತು. ವರ್ಷಗಟ್ಟಲೆ ಪ್ರಾಮಾಣಿಕವಾಗಿ ಕೆಲಸ ಮಾಡಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ಗಳಿಸಿತ್ತು. 2020ರಲ್ಲಿ ಅದನ್ನು ಕಟ್ಟಿದವರು ಬೇರೆಯವರಿಗೆ ಮಾರಿದರು. ಹೊಸ ಯಜಮಾನರ ಕೈಯಲ್ಲಿ ಅದರೊಳಗೆ ದುರುದ್ದೇಶದ ಕೋಡ್ ಸೇರಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಹೆಸರು ಅದೇ, ಚಿಹ್ನೆ ಅದೇ; ಕೈ ಬದಲಾಗಿದ್ದು ಬಳಸುವವರಿಗೆ ಗೊತ್ತೇ ಆಗಲಿಲ್ಲ. 2024ರ ಡಿಸೆಂಬರಿನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಎಕ್ಸ್‌ಟೆನ್ಷನ್‌ಗೇ ಕಳ್ಳರು ನುಗ್ಗಿದರು. ಅದರ ಕೆಲಸಗಾರರೊಬ್ಬರು ಮೋಸದ ಮಿಂಚಂಚೆಯನ್ನು ನಂಬಿದ್ದರು. ಭದ್ರತೆಯೇ ಕಸುಬಾದವರಿಗೆ ಹೀಗಾದರೆ, ಯಾರು ಮಾಡಿದರೋ ತಿಳಿಯದ ‘ಉಚಿತ ವಿಡಿಯೋ ಡೌನ್‌ಲೋಡರ್’ ಮೇಲೆ ಎಷ್ಟು ನಂಬಿಕೆ ಇಡಬಹುದು?

ಆದ್ದರಿಂದ ಎಕ್ಸ್‌ಟೆನ್ಷನ್ ಕಡಿಮೆಯಿದ್ದಷ್ಟೂ ಒಳ್ಳೆಯದು. ಬ್ರೌಸರಿಗೇ ಬರುವ ಕೆಲಸಕ್ಕೆ ಬೇರೊಂದನ್ನು ಹಾಕಬೇಡಿ. ಟ್ಯಾಬ್ ಮಲಗಿಸುವುದನ್ನು ಈಗ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ತಾವೇ ಮಾಡುತ್ತವೆ. ಪಿಡಿಎಫ್ ತೆರೆದು ಅದರ ಮೇಲೆ ಅಕ್ಷರ ಬರೆಯುವುದು, ಸಹಿಯ ಚಿತ್ರ ಅಂಟಿಸುವುದು ಫೈರ್‌ಫಾಕ್ಸ್‌ನಲ್ಲೇ ಆಗುತ್ತದೆ. ಹೀಗೆ ಕಳೆಯುತ್ತ ಬಂದರೆ ಅಂಗಡಿಗೆ ನಿಜವಾಗಿ ಬೇಕಾಗುವವು ಮೂರು.

ಮೊದಲನೆಯದು ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಎಂಬವರು 2014ರಿಂದ ಉಚಿತವಾಗಿ ಕಟ್ಟುತ್ತ ಬಂದ ಜಾಹೀರಾತು ತಡೆ ಇದು. ಅವರು ದೇಣಿಗೆಯನ್ನೂ ಕೇಳುವುದಿಲ್ಲ. ಇದು ಅಂಗಡಿಗೆ ಯಾಕೆ ಬೇಕು? ಯೋಜನೆಯ ಹೆಸರು ಹಾಕಿ ಹುಡುಕಿದಾಗ ಫಲಿತಾಂಶದ ನೆತ್ತಿಯ ಮೇಲೆ ಜಾಹೀರಾತು ಕೂರುತ್ತದೆ. ಸರ್ಕಾರಿ ತಾಣದಂತೆಯೇ ಕಾಣುವ ನಕಲಿಗಳು ಆ ಜಾಗಕ್ಕೆ ದುಡ್ಡು ಕೊಟ್ಟು ಬರುತ್ತವೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಇದೇ ಕಾರಣಕ್ಕೆ ಜಾಹೀರಾತು ತಡೆ ಹಾಕಿಕೊಳ್ಳಿ ಎಂದು ಜನರಿಗೆ ಸಲಹೆ ಕೊಟ್ಟಿತು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳನ್ನು ಬದಲಿಸಿದ ಮೇಲೆ ಅಲ್ಲಿ ಪೂರ್ಣ ಯುಬ್ಲಾಕ್ ಒರಿಜಿನ್ ನಡೆಯುವುದಿಲ್ಲ, ಶಕ್ತಿ ಕಡಿಮೆಯ ‘ಲೈಟ್’ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣವಾದದ್ದೇ ಇದೆ. ಫೈರ್‌ಫಾಕ್ಸ್ ಎಂದು ನಾನು ಹೇಳಿದ್ದು ಇದಕ್ಕೇ.

ಎರಡನೆಯದು ಮೊಜಿಲ್ಲಾದವರೇ ಮಾಡಿರುವ ಮಲ್ಟಿ-ಅಕೌಂಟ್ ಕಂಟೇನರ್ಸ್. ಒಂದೇ ತಾಣವನ್ನು ಇಬ್ಬರ ಖಾತೆಯಲ್ಲಿ ಪಕ್ಕಪಕ್ಕದ ಟ್ಯಾಬ್‌ಗಳಲ್ಲಿ ತೆರೆಯಬಹುದು, ಒಂದರ ಲಾಗಿನ್ ಇನ್ನೊಂದಕ್ಕೆ ಸೇರುವುದಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನ ಒಬ್ಬನ ಒಟಿಪಿ ಬರದೆ ನಿಂತಾಗ ಇನ್ನೊಬ್ಬನ ಅರ್ಜಿ ಮುಂದುವರಿಸಬಹುದು. ಒಬ್ಬನ ದಾಖಲೆ ಇನ್ನೊಬ್ಬನ ಖಾತೆಗೆ ಏರುವ ಅವಘಡವೂ ತಪ್ಪುತ್ತದೆ.

ಮೂರನೆಯದು ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್. ಇದು ನಿಮ್ಮ ಅಂಗಡಿಯ ಸ್ವಂತ ಲಾಗಿನ್‌ಗಳಿಗೆ ಮಾತ್ರ. ಗ್ರಾಹಕರ ಪಾಸ್‌ವರ್ಡ್ ಅಂಗಡಿಯಲ್ಲಿ ಎಲ್ಲೂ ಉಳಿಯಬಾರದು, ಬ್ರೌಸರಿನಲ್ಲೂ ಉಳಿಯಬಾರದು. ‘ಪಾಸ್‌ವರ್ಡ್ ಉಳಿಸಲೇ’ ಎಂದು ಕೇಳುವ ಸೆಟ್ಟಿಂಗನ್ನೇ ಆಫ್ ಮಾಡಿಬಿಡಿ. ವಿಳಾಸ, ಕಾರ್ಡ್ ತಾನಾಗಿ ತುಂಬುವುದನ್ನೂ ನಿಲ್ಲಿಸಿ. ಅಜ್ಜಿಯ ಯೂಸರ್ ನೇಮ್ ಮತ್ತು ಪಾಸ್‌ವರ್ಡನ್ನು ಅವರ ಪಾಸ್‌ಬುಕ್ ಜೊತೆ ಇಡುವ ಚೀಟಿಯಲ್ಲಿ ಬರೆದುಕೊಡಿ. ಮುಂದಿನ ವರ್ಷ ಅವರು ಮಗಳ ಊರಿನಲ್ಲಿದ್ದರೂ ಅರ್ಜಿ ನವೀಕರಿಸಲು ಆಗಬೇಕಲ್ಲವೇ?

ಬೇಡವೇ ಬೇಡ ಎನ್ನುವ ಒಂದು ಬಗೆಯೂ ಇದೆ: ತತ್ಕಾಲ್ ಟಿಕೆಟನ್ನು ಕ್ಷಣದಲ್ಲಿ ತುಂಬಿಕೊಡುತ್ತೇವೆ ಎನ್ನುವ ಎಕ್ಸ್‌ಟೆನ್ಷನ್‌ಗಳು. ಅನುಮತಿಯಿಲ್ಲದೆ ರೈಲ್ವೆ ಟಿಕೆಟ್ ವ್ಯಾಪಾರ ಮಾಡುವುದು 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅಪರಾಧ. ಕಾನೂನನ್ನು ಬದಿಗಿಟ್ಟರೂ, ಪ್ರಯಾಣಿಕರ ಹೆಸರು, ಪಾವತಿಯ ವಿವರ ಎಲ್ಲವನ್ನೂ ಕದ್ದುಮುಚ್ಚಿ ಮಾರುವವರ ಕೈಗೆ ಕೊಡುತ್ತೀರಿ.

ಎಕ್ಸ್‌ಟೆನ್ಷನ್‌ನಷ್ಟೇ ಅಪಾಯದ ಇನ್ನೊಂದು ಅಭ್ಯಾಸ ನಮ್ಮಲ್ಲಿದೆ. ಫೋಟೋ 50 ಕೆಬಿ ಮೀರಬಾರದು, ಸಹಿ 20 ಕೆಬಿ ಮೀರಬಾರದು ಎಂದು ಅರ್ಜಿ ಹೇಳುತ್ತದೆ. ಕೂಡಲೇ ಗೊತ್ತಿಲ್ಲದ ಯಾವುದೋ ತಾಣಕ್ಕೆ ಫೋಟೋ, ಸಹಿ, ಆಧಾರ್ ಎಲ್ಲ ಏರಿಸಿ ಚಿಕ್ಕದು ಮಾಡಿಕೊಳ್ಳುತ್ತೇವೆ. ಅವು ಯಾವ ದೇಶದ ಸರ್ವರಿನಲ್ಲಿ ಉಳಿದವೋ ಕೇಳುವವರಿಲ್ಲ. ಸ್ಕ್ವೂಶ್ ಎಂಬ ತಾಣ ಚಿತ್ರವನ್ನು ಎಲ್ಲೂ ಕಳಿಸದೆ ನಿಮ್ಮ ಬ್ರೌಸರಿನೊಳಗೇ ಕುಗ್ಗಿಸುತ್ತದೆ. ಪಿಡಿಎಫ್ ಜೋಡಿಸಲು, ಬಿಡಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ತಂತ್ರಾಂಶವಿದೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಇನ್ನು ಗ್ರಾಹಕ ಎದ್ದ ಮೇಲಿನ ಕೆಲಸ. ಇನ್‌ಕಾಗ್ನಿಟೋ ವಿಂಡೋ ಬಳಸುತ್ತೇವೆ ಎಂದು ಹಲವರು ಹೇಳುತ್ತೀರಿ. ಒಳ್ಳೆಯದೇ, ಆದರೆ ತೆರೆದಿರುವ ಇನ್‌ಕಾಗ್ನಿಟೋ ವಿಂಡೋಗಳೆಲ್ಲ ಒಂದೇ ಲಾಗಿನ್ ಹಂಚಿಕೊಳ್ಳುತ್ತವೆ. ಕೊನೆಯ ವಿಂಡೋ ಮುಚ್ಚುವ ತನಕ ಮೊದಲ ಗ್ರಾಹಕ ಒಳಗೇ ಇರುತ್ತಾನೆ. ಇಳಿಸಿಕೊಂಡ ಕಡತಗಳಂತೂ ಇನ್‌ಕಾಗ್ನಿಟೋ ಮುಚ್ಚಿದರೂ ಹೋಗುವುದಿಲ್ಲ. ಇತಿಹಾಸ ಮಾತ್ರ ಉಳಿಯುವುದಿಲ್ಲ, ಆದರೆ 2011ರ ಸೈಬರ್ ಕೆಫೆ ನಿಯಮಗಳು ಗ್ರಾಹಕರ ಗುರುತಿನ ರಿಜಿಸ್ಟರನ್ನೂ ನೋಡಿದ ತಾಣಗಳ ಇತಿಹಾಸವನ್ನೂ ಕನಿಷ್ಠ ಒಂದು ವರ್ಷ ಇಡಬೇಕೆನ್ನುತ್ತವೆ. ಗ್ರಾಹಕರೇ ಕೂತು ಬ್ರೌಸ್ ಮಾಡುವ ಅಂಗಡಿಗೆ ಇದು ಮುಖ್ಯ. ಅಂಥ ಕಡೆ ಇತಿಹಾಸ ಉಳಿಸಿಕೊಂಡು, ಬ್ರೌಸರ್ ಮುಚ್ಚಿದಾಗ ಕುಕಿಗಳು ಮಾತ್ರ ಅಳಿಯುವಂತೆ ಸೆಟ್ಟಿಂಗ್ ಮಾಡಿ. ಲಾಗಿನ್ ಹೋಗುತ್ತದೆ, ದಾಖಲೆ ಉಳಿಯುತ್ತದೆ.

ಡೌನ್‌ಲೋಡ್ ಫೋಲ್ಡರ್ ಬಗ್ಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ಅದೇ ಫೋಲ್ಡರಿನಲ್ಲಿ ಅವರ ಹತ್ತನೇ ತರಗತಿಯ ಅಂಕಪಟ್ಟಿ ಇದ್ದರೆ ಪಾಸ್‌ವರ್ಡೂ ಅಲ್ಲೇ ಇದ್ದಂತಾಯಿತು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು: ಇಂಟರ್‌ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂದು. ಜನ ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂದು ಎರಡೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಕೆಫೆಗೆ ಹೋಗಬೇಡಿ ಎನ್ನುವುದು ಪರಿಹಾರವಾಗದು. ಆದರೆ ಅಳಿಸಿ ಎಂಬ ಮಾತು ಇವತ್ತಿಗೂ ಸರಿ. ಪ್ರಿಂಟ್ ಕೊಟ್ಟ ಕೂಡಲೇ ಗ್ರಾಹಕರ ಎದುರಿನಲ್ಲೇ ಕಡತ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವ ಕಡೆ ಅದನ್ನೇ ತೆಗೆದುಕೊಡಿ.

ಸರ್ಕಾರಿ ತಾಣಗಳನ್ನು ಕಟ್ಟಿಸುವ ಅಧಿಕಾರಿಗಳಿಗೂ ಈ ಪತ್ರದಲ್ಲಿ ಒಂದು ಮಾತು. ತಾಣ ಒಂದೇ ಬ್ರೌಸರಿನಲ್ಲಿ ತೆರೆದರೆ ಸಾಕು ಎಂದು ಒಪ್ಪಿಕೊಳ್ಳಬೇಡಿ, ಎಲ್ಲದರಲ್ಲೂ ಪರೀಕ್ಷಿಸಿ. ಫೋಟೋ ಕುಗ್ಗಿಸುವ ಸೌಲಭ್ಯವನ್ನು ಅರ್ಜಿಯ ಪುಟದಲ್ಲೇ ಕೊಡಿ. ನೀವು ಅದೊಂದು ಮಾಡಿದರೆ ಗೊತ್ತಿಲ್ಲದ ತಾಣಗಳಿಗೆ ಹೋಗುತ್ತಿರುವ ಸಾವಿರಾರು ಆಧಾರ್ ಪ್ರತಿಗಳು ಊರಿನಲ್ಲೇ ಉಳಿಯುತ್ತವೆ.

ಸೈಬರ್ ಅಣ್ಣಂದಿರೇ, ಅಕ್ಕಂದಿರೇ, ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಸಾಲಿನಲ್ಲಿ ಜನ ನಿಂತಿರುವಾಗ ವಿಂಡೋ ಮುಚ್ಚಿ, ಕಡತ ಅಳಿಸಿ, ಚೀಟಿ ಬರೆದುಕೊಡಲು ವ್ಯವಧಾನ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಗ್ರಾಹಕರಾದ ನಾವು. ಬೇಗ ಬೇಗ ಎಂದು ಅವಸರ ಮಾಡುವವರು ನಾವೇ, ಐದು ರೂಪಾಯಿಗೆ ಚೌಕಾಸಿ ಮಾಡುವವರೂ ನಾವೇ. ನಮ್ಮ ಕಡತ ಅಳಿಸಿದಿರಾ ಎಂದು ಕೇಳುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು. ಅಳಿಸುವಷ್ಟು ಹೊತ್ತು ಕಾಯಬೇಕು. ಆ ಕೆಲಸಕ್ಕೆಂದು ನೀವು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಮರುಮಾತಿಲ್ಲದೆ ಕೊಡಬೇಕು. ದರಪಟ್ಟಿಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಜೊತೆಗೆ ಅದನ್ನೂ ಒಂದು ಸಾಲಾಗಿ ಬರೆದು ಹಾಕಿ.

ಇಂತಿ,
ನಿಮ್ಮ ಅಂಗಡಿಯ ಗ್ರಾಹಕ