ಖರೀದಿ ಪತ್ರದಲ್ಲಿಲ್ಲದ ದಿವಾಣಜಿ

ನರಗುಂದದ ಹತ್ತಿ ಜಿನ್ನಾಗಲಿ, ರೋಣದ ಕಾಳಿನ ಅಂಗಡಿಯಾಗಲಿ, ಗಜೇಂದ್ರಗಡದ ಸೀರೆಯ ವ್ಯಾಪಾರವಾಗಲಿ, ಮಾರಾಟವಾದರೆ ಖರೀದಿ ಪತ್ರದಲ್ಲಿ ತಕ್ಕಡಿಯಿಂದ ತಾಡಪತ್ರಿಯವರೆಗೆ ಎಲ್ಲವನ್ನೂ ಬರೆದಿರುತ್ತಾರೆ. ಲೆಕ್ಕ ಬರೆಯುವ ದಿವಾಣಜಿಯನ್ನು ಮಾತ್ರ ಬರೆದಿರುವುದಿಲ್ಲ. ಮರುದಿನ ಮುಂಜಾನೆ ಹೊಸ ಸಾವಕಾರರು ಬಂದು ನೋಡಿದರೆ ಗಾದಿಯ ಪಕ್ಕದಲ್ಲಿ ದಿವಾಣಜಿ ಆಗಲೇ ಕೂತು ಊದಿನಕಡ್ಡಿ ಹಚ್ಚಿರುತ್ತಾರೆ.

ಅವರನ್ನು ಬಿಡಿಸುವ ಧೈರ್ಯ ಯಾರಿಗೂ ಇಲ್ಲ. ವ್ಯಾಪಾರ ಕೈ ಬದಲಾದರೂ ಹಿಂದಿನ ಜಿಎಸ್‌ಟಿ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕದ ಪುಸ್ತಕ ಕಾಯ್ದಿಡಬೇಕೆಂದೂ ಕಾಯ್ದೆ ಹೇಳುತ್ತದೆ. ಅವು ಅಟ್ಟದ ಮೇಲಿನ ಯಾವ ಗಂಟಿನಲ್ಲಿವೆ ಎಂಬುದು ದಿವಾಣಜಿಗಷ್ಟೇ ಗೊತ್ತು.

ಹಳೆಯ ಸಾವಕಾರರು ಹುಬ್ಬಳ್ಳಿಯಿಂದ ಫೋನು ಮಾಡುತ್ತಾರೆ: “ನೋಟಿಸ್ ಬಂದೈತ್ರಿ, 2018–19ರ ಖತಾವಣಿ ಕಳಸ್ರಿ.” ಹೊಸಬರು ಇತ್ತ ಕಣ್ಣು ಬಿಡುತ್ತಾರೆ: “ಪುಸ್ತಕ ಹೊರಗ ಹೋಗಬಾರದು, ಝೆರಾಕ್ಸ್ ಅಷ್ಟ ಕೊಡ್ರಿ.” ದಿವಾಣಜಿ ಇಬ್ಬರಿಗೂ “ಆಗಲ್ರಿ ಸಾವ್ಕಾರ್ರ” ಅನ್ನುತ್ತಾರೆ. ಪುಸ್ತಕವೂ ಹೋಗುವುದಿಲ್ಲ, ಝೆರಾಕ್ಸೂ ಹೋಗುವುದಿಲ್ಲ. ಸಂಜೆ ಚಹಾ ಕುಡಿದು ಫೋನಿನಲ್ಲಿ ಓದಿ ಹೇಳುತ್ತಾರೆ, ಬೇಕಾದವರು ಬರೆದುಕೊಳ್ಳಬೇಕು. ಅದಕ್ಕೂ ಮೊದಲು ಒಂದು ತಕರಾರು: “ಹದಿನೆಂಟು ಹತ್ತೊಂಬತ್ತು ಅಂದ್ರ ತಿಳಿಯಂಗಿಲ್ರಿ, ಯಾವ ಪಾಡ್ಯದಿಂದ ಯಾವ ಪಾಡ್ಯ ಹೇಳ್ರಿ.” ಆದಾಯ ತೆರಿಗೆಯವರು 1989ರಿಂದಲೇ ಎಲ್ಲರನ್ನೂ ಮಾರ್ಚ್ 31ಕ್ಕೆ ಕಟ್ಟಿಹಾಕಿದ್ದಾರೆ. ದಿವಾಣಜಿಯ ವರ್ಷ ಇನ್ನೂ ದೀಪಾವಳಿಗೇ ಹುಟ್ಟುತ್ತದೆ, ಅದೂ ಪುಸ್ತಕಕ್ಕೆ ಕುಂಕುಮ ಹಚ್ಚಿದ ಮೇಲೆ.

ಬೇಸತ್ತ ಹೊಸ ಸಾವಕಾರರು ಸ್ಕ್ಯಾನ್ ಮಾಡಲು ಹುಡುಗನೊಬ್ಬನನ್ನು ಕರೆತಂದರು. ದಿವಾಣಜಿಯ ಅಕ್ಷರ ಅವನಿಗೆ ತಿಳಿಯದು. ತಿಳಿದ ಕಡೆಯೂ ಖಾತೆದಾರರ ಊರು, ಅಡ್ಡಹೆಸರು ಯಾವುದೂ ಇಲ್ಲ. ಹೀಗಾಗಿ ಪಕ್ಕದಲ್ಲಿ ಕೂತು ಫೈಲಿಗೆ ಹೆಸರಿಡುವ ಕೆಲಸವೂ ಇವರದೇ ಆಯಿತು. ಈಗ ಕಂಪ್ಯೂಟರಿನಲ್ಲಿ “ಅಗಸಿ ಮುಂದಿನವರು”, “ಕುಂಟೆತ್ತಿನವರು”, “ಮಾತು ತಪ್ಪಿದವರು” ಎಂಬ ಫೈಲುಗಳಿವೆ. ಪಗಾರವೂ ತುಸು ಏರಿದೆ.

ಕೊನೆಗೆ ಉಳಿದದ್ದು ಅಟ್ಟದ ಮೂಲೆಯ ಕೆಂಪು ಗಂಟು, 1980ರ ನರಗುಂದ ರೈತ ಬಂಡಾಯಕ್ಕಿಂತ ಹಿಂದಿನದು.

“ಆರು ವರ್ಷ ಇಟ್ರ ಸಾಕಂತ ಕಾಯ್ದೆನ ಹೇಳತೈತಿ. ಇದನ್ನ ರದ್ದಿಗೆ ಹಾಕ್ರಿ.”

“ಹಾಕ್ತೇನ್ರಿ. ನಿಮ್ಮ ಅಜ್ಜಾರ ಉದ್ರಿ ಇದರಾಗ ಐತಿ ನೋಡ್ರಿ, ಇನ್ನೂ ಜಮಾ ಆಗಿಲ್ಲ.”

ಹೊಸ ಸಾವಕಾರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು: “ಹಂಗಾರ ಇವತ್ತ ಹಾಕ್ರಿ.”

“ಆಗಲ್ರಿ,” ಎಂದು ದಿವಾಣಜಿ ಚಾಳೀಸು ಏರಿಸಿಕೊಂಡರು, “ಅದಕ್ಕೂ ಮದಲ ಒಂದು ಝೆರಾಕ್ಸ್ ತಗಸ್ಲೇನ್ರಿ?”