ಕಾಗದದ ಹಡಗಿಗೆ ಕತ್ತರಿ

ಕಾಗದದ ಮೇಲೆ ಬ್ಯಾಟಲ್‌ಕ್ರೂಸರ್ ಎಂಬ ವೇಗದ ಯುದ್ಧನೌಕೆ ಕಟ್ಟಹೊರಟವರು ಪೆನ್ಸಿಲ್‌ಗಿಂತ ಮೊದಲು ತಕ್ಕಡಿ ಹಿಡಿಯಬೇಕು. ಫಿರಂಗಿ, ಕವಚ, ವೇಗ ಮೂರೂ ಬೇಕೆಂಬ ಆಸೆಯಿಂದಲೇ 1921ರಲ್ಲಿ ಬ್ರಿಟಿಷರು ಜಿ3 ಎಂಬ ನಕ್ಷೆ ಬರೆದರು: 16 ಅಂಗುಲದ ಒಂಬತ್ತು ಫಿರಂಗಿ, 14 ಅಂಗುಲದ ಉಕ್ಕಿನ ಪಟ್ಟಿ, 30 ನಾಟ್ ಮೀರಿದ ಓಟ. ತೂಕ 48,000 ಟನ್ ದಾಟಿತು. 1922ರ ವಾಷಿಂಗ್ಟನ್ ನೌಕಾ ಒಪ್ಪಂದ 35,000 ಟನ್ನಿಗೇ ಗೆರೆ ಎಳೆಯಿತು. ‘ಕವಚ ತೆಳುವಾದರೇನು, ಓಡಿ ಪಾರಾಗಬಹುದಲ್ಲ?’ ಎನ್ನುತ್ತೀರಿ. 1916ರ ಜಟ್ಲೆಂಡ್ ಕದನದಲ್ಲಿ ಅಂಥ ಮೂರು ಬ್ರಿಟಿಷ್ ಹಡಗುಗಳು ಒಂದೇ ದಿನ ಸಿಡಿದುಹೋದವು. ಗುಂಡಿಗಿಂತ ಜೋರಾಗಿ ಓಡುವ ಹಡಗನ್ನು ಯಾರೂ ಕಟ್ಟಿಲ್ಲ. ಹಾಗಾಗಿ ಒಪ್ಪಂದದ ಮಿತಿಯೊಳಗೆ ಕಟ್ಟಿದ ನೆಲ್ಸನ್, ರಾಡ್ನಿ ಯುದ್ಧನೌಕೆಗಳಲ್ಲಿ ಫಿರಂಗಿ, ಕವಚ ಉಳಿಸಿ ಕಾಲು ಕತ್ತರಿಸಿದರು: ವೇಗ ಬರೀ 23 ನಾಟ್. ಮೂರು ಫಿರಂಗಿ ಗೋಪುರಗಳೂ ಮೂತಿಯ ಕಡೆಗೇ ಜಮಾಯಿಸಿ, ಹಿಂಭಾಗ ಬೋಳು ಬೋಳು. ಬಾಲಕ ಜಾರ್ಜ್ ವಾಷಿಂಗ್ಟನ್ ಕೊಡಲಿಯಿಂದ ಚೆರ್ರಿ ಮರ ಕಡಿದ ಕಥೆ ನೆನೆದು ನಾವಿಕರು ಇವನ್ನು ‘ಚೆರ್ರಿ ಮರ’ ಎಂದರು. ಕಡಿದದ್ದು ವಾಷಿಂಗ್ಟನ್ನೇ ತಾನೆ!